ನನಗೂ ಬೈಯಿರಿ

ಈಜುಕೊಳದ ಟಿಕೆಟ್ ಕಿಂಡಿಯ ಹಿಂದೆ ಕೂತವರ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ; ಚೀಟಿ ಹರಿದುಕೊಡುವ ಕೈಯನ್ನಷ್ಟೇ ನೋಡುತ್ತಾರೆ. ಹಾಗಿದ್ದೂ ಆ ಬಡಾವಣೆಯಲ್ಲಿ ಅವಳನ್ನು ಗುರುತಿಸದವರು ಇರಲಿಲ್ಲ. ಈಜು ಕಲಿಯಲು ಬಂದ ಮಕ್ಕಳೆಲ್ಲ ಅವಳನ್ನು ಟಿಕೆಟ್ ಅಕ್ಕ ಅನ್ನುತ್ತಿದ್ದರು. ಆ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳ ಕೈಹಿಡಿದು ಬಂದಾಗಲೂ ಅವಳು ಟಿಕೆಟ್ ಅಕ್ಕನೇ.

ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದಿದ್ದರಿಂದ ಅವಳು ಆ ಕಿಂಡಿಯ ಹಿಂದೆ ಕೂತದ್ದು. ‘ಒಂದು ವರ್ಷದ ಮಟ್ಟಿಗೆ’ ಅಂದುಕೊಂಡಿದ್ದಳು. ಆಮೇಲೆ ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳು ಬೆಳೆದು ಕಾಲೇಜಿಗೂ ಸೇರಿದಳು. ಅಕ್ಕ ಮಾತ್ರ ಅದೇ ಕುರ್ಚಿಯಲ್ಲಿದ್ದಳು. ಮಧ್ಯಾಹ್ನ ಈಜಲು ಯಾರೂ ಬಾರದ ಹೊತ್ತಿನಲ್ಲಿ ಅವಳು ಮಗಳ ವಾಣಿಜ್ಯಶಾಸ್ತ್ರದ ಪುಸ್ತಕಗಳನ್ನು ತಂದು ಓದುತ್ತಿದ್ದಳು. ಸಂಜೆ ಮನೆಗೆ ಹೋಗಿ ಮಗಳಿಗೆ ಅದರಲ್ಲಿ ಪ್ರಶ್ನೆ ಕೇಳುತ್ತಿದ್ದಳು.

ಒಂದು ದಿನ ಮಗಳಿಗೆ ರೇಗಿತು. “ಅಮ್ಮಾ, ನಿನಗಷ್ಟು ಆಸೆ ಇದ್ರೆ ನೀನೇ ಹೋಗಿ ಪರೀಕ್ಷೆ ಬರಿ. ನನ್ನ ಪ್ರಾಣ ಯಾಕೆ ತಿಂತೀಯ?”

ಮಗಳು ಸಿಟ್ಟಿನಲ್ಲಿ ಅಂದದ್ದನ್ನು ಅಮ್ಮ ನಿಜವೆಂದೇ ತೆಗೆದುಕೊಂಡಳು. ಸಂಜೆ ಹೊತ್ತು ತರಗತಿ ನಡೆಸುವ ಕಾಲೇಜಿನಲ್ಲಿ ವಿಚಾರಿಸಿಕೊಂಡು ಬಂದಳು. ಗಂಡ ನಗರದ ಬಸ್ಸು ಓಡಿಸುವವನು. ಅವನು ವಿಷಯ ಕೇಳಿ, “ಸೇರ್ಕೋ. ಬಸ್ಸು ತಡ ಆಗುತ್ತೆ, ಆದ್ರೆ ಬರುತ್ತೆ. ಇದನ್ನ ನನಗಿಂತ ಚೆನ್ನಾಗಿ ಯಾರು ಹೇಳ್ತಾರೆ?” ಅಂದ. ಅತ್ತೆ ಮಾತ್ರ ಗೊಣಗಿದರು. “ಈ ವಯಸ್ಸಲ್ಲಿ ಓದಿ ಯಾವ ರಾಜ್ಯ ಆಳ್ಬೇಕಂತೆ?” ಗೊಣಗುತ್ತಲೇ ಮಾರನೆಯ ದಿನದಿಂದ ರಾತ್ರಿಯ ಅಡುಗೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅತ್ತೆಯ ರೀತಿಯೇ ಹಾಗೆ. ಬಾಯಿ ಒಂದು ದಿಕ್ಕಿಗೆ ಹೋದರೆ ಕೈ ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. ಅವರ ಜೊತೆ ಬಾಳಬೇಕಾದವರು ಕೈಯನ್ನು ನೋಡಬೇಕು, ಬಾಯನ್ನಲ್ಲ ಎಂದು ಅಕ್ಕ ಬಹಳ ಹಿಂದೆಯೇ ಕಲಿತಿದ್ದಳು.

ಕೊನೆಯ ವರ್ಷದಲ್ಲಿ ಎಲ್ಲ ವಿದ್ಯಾರ್ಥಿಗಳೂ ಎಲ್ಲಾದರೂ ಒಂದು ಕಚೇರಿಯಲ್ಲಿ ಇಂಟರ್ನ್ ಆಗಿ ಕೆಲಸ ಕಲಿಯಬೇಕಿತ್ತು. ಆ ವರ್ಷವೇ ಈಜುಕೊಳದ ಹಳೆಯ ಹಾಸುಬಿಲ್ಲೆಗಳನ್ನೆಲ್ಲ ಕಿತ್ತು ಹೊಸದು ಹಾಕಲೆಂದು ಮೂರು ತಿಂಗಳು ಬಾಗಿಲು ಹಾಕಿದರು. ಹಸಿದವನ ಮುಂದೆ ತಟ್ಟೆ ಬಂದ ಹಾಗಾಯಿತು. ತರಗತಿಯ ಹುಡುಗರೆಲ್ಲ ಊರಿನ ದೊಡ್ಡ ಹೂಡಿಕೆ ಸಂಸ್ಥೆಗೆ ಅರ್ಜಿ ಹಾಕಿದ್ದರು, ಅಕ್ಕನೂ ಹಾಕಿದಳು. ಜನರ ಉಳಿತಾಯವನ್ನು ಒಟ್ಟುಗೂಡಿಸಿ, ಯಾವ ಕಂಪನಿ ಗಟ್ಟಿ, ಯಾವುದು ಟೊಳ್ಳು ಎಂದು ಅಳೆದು ನೋಡಿ ಷೇರು ಕೊಳ್ಳುವ ಸಂಸ್ಥೆ ಅದು. ಅರ್ಜಿಯ ಜೊತೆಗೆ, ನೀವು ಕಣ್ಣಾರೆ ಕಂಡ ಒಂದು ವ್ಯವಹಾರದ ಬಗ್ಗೆ ಬರೆಯಿರಿ ಎಂದು ಕೇಳಿದ್ದರು. ಇಡೀ ವರ್ಷದ ಪಾಸು ಕೊಂಡವರೇ ಈಜಲು ಎಲ್ಲರಿಗಿಂತ ಕಡಿಮೆ ಬರುತ್ತಾರೆ, ಕೊಳ ನಡೆಯುವುದೇ ಅವರು ಬಾರದೆ ಇರುವುದರಿಂದ ಎಂದು ಅಕ್ಕ ಬರೆದಳು. ಸಂಸ್ಥೆಯಿಂದ ಕರೆ ಬಂತು. ತರಗತಿಯಲ್ಲಿ ಕರೆ ಬಂದದ್ದು ಅವಳಿಗೊಬ್ಬಳಿಗೇ.

ಮೊದಲ ದಿನ ಅಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಮಗಳ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಗಾಜಿನ ಬಾಗಿಲ ಬಳಿ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ. ಸ್ವಾಗತದ ಮೇಜಿನ ಹುಡುಗಿ “ಬನ್ನಿ ಮೇಡಂ” ಎಂದು ಮೆತ್ತನೆಯ ಸೋಫಾಗಳಿದ್ದ ಕೋಣೆಗೆ ಕರೆದೊಯ್ದು ಕೂರಿಸಿದಳು. ಪಿಂಗಾಣಿ ಬಟ್ಟಲಿನಲ್ಲಿ ಕಾಫಿ ಬಂತು, ತಟ್ಟೆಯಲ್ಲಿ ಬಿಸ್ಕತ್ತು ಬಂತು. ಎಂಥ ಒಳ್ಳೆಯ ಜನ, ಕೆಲಸ ಕಲಿಯಲು ಬಂದವರಿಗೂ ಇಷ್ಟೊಂದು ಉಪಚಾರ ಎಂದು ಅಕ್ಕ ಎರಡನೇ ಬಟ್ಟಲನ್ನೂ ಕುಡಿದಳು.

ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ಯುವತಿ ಇಣುಕಿದಳು. ಕತ್ತಿನಲ್ಲಿ ಗುರುತಿನ ಚೀಟಿ, ಕೂದಲಿಗೆ ಸಿಕ್ಕಿಸಿದ ಪೆನ್ಸಿಲ್. “ಕ್ಷಮಿಸಿ, ಇಲ್ಲಿಗೆ ಹೊಸ ಇಂಟರ್ನ್ ಒಬ್ಬರು ಬಂದರಾ? ಕೆಳಗಡೆ ಯಾರೂ ನೋಡಿಲ್ವಂತೆ.”

“ಅದು ನಾನೇ” ಅಂದಳು ಅಕ್ಕ.

ಆ ಯುವತಿ ಒಮ್ಮೆ ಅವಳನ್ನೂ ಒಮ್ಮೆ ಬಿಸ್ಕತ್ತಿನ ತಟ್ಟೆಯನ್ನೂ ನೋಡಿದಳು. ಅವಳೇ ಅಕ್ಕನ ಮೇಲಧಿಕಾರಿ. ಮೂವತ್ತು ತುಂಬಿರಲಿಲ್ಲ. ಕಚೇರಿಯಲ್ಲಿ ಅವಳಿಗಿಂತ ಹಿರಿಯ ಮೇಡಂ ಒಬ್ಬರು ಇದ್ದುದರಿಂದ ಎಲ್ಲರೂ ಇವಳನ್ನು ಚಿಕ್ಕ ಮೇಡಂ ಅನ್ನುತ್ತಿದ್ದರು. ಈಜುಕೊಳದ ಬರಹವನ್ನು ಓದಿ ಅಕ್ಕನನ್ನು ಆರಿಸಿದ್ದು ಇವಳೇ. ಬರೆದವರಿಗೆ ಇಪ್ಪತ್ತರ ಆಸುಪಾಸು ಇರಬಹುದು ಅಂದುಕೊಂಡಿದ್ದಳು.

ಕೆಲಸ ಹೀಗಿತ್ತು: ಒಂದು ಕಂಪನಿಯ ವಾರ್ಷಿಕ ವರದಿಗಳನ್ನು ಓದಬೇಕು, ಅದರಲ್ಲಿ ಹಣ ಹೂಡಬಹುದೇ ಇಲ್ಲವೇ ಎಂದು ಒಂದೇ ಹಾಳೆಯಲ್ಲಿ ಟಿಪ್ಪಣಿ ಬರೆಯಬೇಕು. ಅಕ್ಕನಿಗೆ ಗಾಜಿನ ಬಾಟಲಿ ಮಾಡುವ ಕಂಪನಿಯನ್ನು ಕೊಟ್ಟರು. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಇಂಟರ್ನ್ ಇದ್ದ. ದಪ್ಪ ಕನ್ನಡಕದ, ಸದಾ ಹಸಿದಂತೆ ಕಾಣುವ ಹುಡುಗ. ಅವನಿಗೆ ಬಣ್ಣ ತಯಾರಿಸುವ ಕಂಪನಿ ಸಿಕ್ಕಿತ್ತು.

ಚಿಕ್ಕ ಮೇಡಂ ಆ ಹುಡುಗನ ಹಾಳೆ ಹಿಡಿದಳೆಂದರೆ ಸುತ್ತಲಿನ ನಾಲ್ಕು ಮೇಜುಗಳಿಗೂ ಕೇಳಿಸುತ್ತಿತ್ತು. “ಈ ವಾಕ್ಯ ಏನು ಹೇಳುತ್ತೆ? ಬೆಳೆಯಬಹುದು, ಬೆಳೆಯದೇನೂ ಇರಬಹುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹಣ ಹಾಕೋವ್ನು ಇದನ್ನ ಓದಿ ಏನು ಮಾಡ್ಬೇಕು, ನಾಣ್ಯ ಚಿಮ್ಮಬೇಕಾ?” ಹುಡುಗನ ಕಿವಿ ಕೆಂಪಗಾಗುತ್ತಿತ್ತು. ಅವನು ಹಾಳೆ ತಂದು ಮತ್ತೆ ಬರೆಯುತ್ತಿದ್ದ, ಮತ್ತೆ ಬೈಸಿಕೊಳ್ಳುತ್ತಿದ್ದ.

ಅಕ್ಕನ ಹಾಳೆ ಬಂದರೆ ಚಿಕ್ಕ ಮೇಡಂ ದನಿ ತಗ್ಗಿಸುತ್ತಿದ್ದಳು. “ಚೆನ್ನಾಗಿದೆ ಅಕ್ಕಾ. ಇಟ್ಟುಹೋಗಿ, ನಾನು ನೋಡ್ತೀನಿ.”

“ನಿಮ್ಮ ಪುಣ್ಯ ಅಕ್ಕಾ, ನಿಮಗೆ ಒಂದು ಮಾತೂ ಅನ್ನಲ್ಲ” ಎಂದು ಹುಡುಗ ನಿಟ್ಟುಸಿರು ಬಿಡುತ್ತಿದ್ದ. ಅಕ್ಕನೂ ಅದನ್ನು ಪುಣ್ಯವೆಂದೇ ನಂಬಿದ್ದಳು. ಮನೆಗೆ ಹೋಗಿ ಮಗಳ ಎದುರು, “ನಮ್ಮ ಮೇಡಂ ನನ್ನ ಕೆಲಸದಲ್ಲಿ ಒಂದು ತಪ್ಪೂ ತೆಗೀಲಿಲ್ಲ, ಗೊತ್ತಾ?” ಎಂದು ಜಂಬ ಕೊಚ್ಚಿಕೊಂಡಳು.

ಆ ಜಂಬ ಇಳಿದದ್ದು ವಾರದ ಸಭೆಯಲ್ಲಿ. ಉದ್ದನೆಯ ಮೇಜಿನ ತುದಿಯಲ್ಲಿ ವಿಭಾಗದ ಮುಖ್ಯಸ್ಥರು ಕೂತಿದ್ದರು. ಮೆಲುದನಿಯ ಮನುಷ್ಯ, ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿಸಿಕೊಳ್ಳುವವರು. ಅವರು ಬಾಟಲಿ ಕಂಪನಿಯ ಟಿಪ್ಪಣಿ ಎತ್ತಿಕೊಂಡು ಒಂದು ಸಾಲನ್ನು ಗಟ್ಟಿಯಾಗಿ ಓದಿದರು. “‘ಮಾರಾಟ ಹೆಚ್ಚಿದೆ, ಆದರೆ ಹೆಚ್ಚಿದ್ದೆಲ್ಲವೂ ಒಬ್ಬನೇ ಗ್ರಾಹಕನಿಂದ.’ ಒಳ್ಳೇ ಸಾಲು. ಯಾರು ಬರೆದದ್ದು?”

“ಅಕ್ಕ ಬರೆದದ್ದು ಸರ್” ಅಂದಳು ಚಿಕ್ಕ ಮೇಡಂ.

ಎಲ್ಲರ ಮುಂದೆಯೂ ಒಂದೊಂದು ಪ್ರತಿ ಇತ್ತು. ಅಕ್ಕ ತನ್ನ ಪ್ರತಿಯ ಮೇಲೆ ಕಣ್ಣಾಡಿಸಿದಳು. ಮೇಲೆ ಅವಳ ಹೆಸರಿತ್ತು, ಕಂಪನಿಯ ಹೆಸರಿತ್ತು. ಕೆಳಗಿನ ಒಂದು ವಾಕ್ಯವೂ ಅವಳದಾಗಿರಲಿಲ್ಲ.

“ಆ ಗ್ರಾಹಕ ಕೈಬಿಟ್ರೆ ಏನಾಗಬಹುದು ಅಂತ ನಿಮ್ಮ ಅಂದಾಜು?” ಎಂದು ಮುಖ್ಯಸ್ಥರು ಅವಳತ್ತ ತಿರುಗಿದರು. ಅಕ್ಕ ಹಾಳೆಯಲ್ಲಿ ಆ ಸಾಲನ್ನು ಹುಡುಕಿದಳು. ಆ ಗ್ರಾಹಕ ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಚಿಕ್ಕ ಮೇಡಂ ಥಟ್ಟನೆ ನಡುವೆ ಬಂದು ಉತ್ತರ ಕೊಟ್ಟಳು. ಸಭೆ ಮುಂದೆ ಸಾಗಿತು. ಅಕ್ಕ ಉಳಿದ ಹೊತ್ತೆಲ್ಲ ನೀರಿನ ಲೋಟವನ್ನೇ ನೋಡುತ್ತಾ ಕೂತಿದ್ದಳು.

ಅಂದು ಸಂಜೆ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಅಕ್ಕ ಎದುರಿಗೆ ಕೂತು ತಾನೂ ಸುಲಿಯತೊಡಗಿದಳು. ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದಳು. ಅತ್ತೆ ಸ್ವಲ್ಪ ಹೊತ್ತು ನೋಡಿದರು.

“ಏನಾಯ್ತೇ?”

ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. “ಆ ಹುಡುಗನಿಗೆ ದಿನಾ ಬೈತಾರೆ ಅತ್ತೆ. ಅವನು ಕಲೀತಿದಾನೆ. ನನಗೆ ಚೆನ್ನಾಗಿದೆ ಚೆನ್ನಾಗಿದೆ ಅಂತ ಹೇಳಿ, ಹಿಂದಿನಿಂದ ತಾವೇ ಎಲ್ಲ ಬರೀತಾರೆ.”

“ಮತ್ತೇನು ಮಾಡ್ತಾರೆ? ಬೈಯೋದು ಅಂದ್ರೆ ಸುಮ್ನೇನಾ? ಗಂಟಲು ನೋಯುತ್ತೆ, ತಲೆ ಕಾಯುತ್ತೆ. ನಮ್ಮೋರು ಅಂದ್ಕೊಂಡ್ರೆ ಮಾತ್ರ ಆ ಕಷ್ಟ ತಗೋತೀವಿ. ಬಂದು ಹೋಗೋರಿಗೆ ಯಾರಾದ್ರೂ ಬೈತಾರಾ? ನೀನು ಅವರಿಗೆ ಇನ್ನೂ ನೆಂಟಳು.” ಅತ್ತೆ ಸಿಪ್ಪೆಯೊಳಗಿಂದ ಕಾಳು ಹೆಕ್ಕಿ ಪಾತ್ರೆಗೆ ಹಾಕಿದರು. “ನಾನು ನಿನಗೆ ಎಷ್ಟು ಬೈದಿದೀನಿ, ಲೆಕ್ಕ ಇದೆಯಾ?”

“ಇಲ್ಲ ಅತ್ತೆ.”

“ಹಾಂ. ಮತ್ತೆ?”

ಮರುದಿನ ಅಕ್ಕ ಎಲ್ಲರಿಗಿಂತ ಮೊದಲೇ ಕಚೇರಿ ತಲುಪಿದಳು. ಚಿಕ್ಕ ಮೇಡಂ ಬಂದು ಚೀಲ ಇಡುವಷ್ಟರಲ್ಲಿ ಅವಳ ಮೇಜಿನ ಎದುರು ನಿಂತಿದ್ದಳು.

“ಮೇಡಂ, ನನಗೂ ಬೈಯಿರಿ.”

“ಏನು?”

“ಆ ಹುಡುಗನಿಗೆ ಬೈತೀರಲ್ಲ, ಹಾಗೇ. ನಿನ್ನೆ ನೀವು ನನ್ನ ಮಾನ ಉಳಿಸಿದ್ರಿ, ಅದಕ್ಕೆ ಋಣಿ. ಆದ್ರೆ ನಾನು ಇಲ್ಲಿಗೆ ಮಾನ ಉಳಿಸಿಕೊಳ್ಳೋಕೆ ಬಂದಿಲ್ಲ, ಕಲಿಯೋಕೆ ಬಂದಿದೀನಿ. ಹಾಳೆ ಮೇಲೆ ನನ್ನ ಹೆಸರಿತ್ತು, ಒಳಗೆ ನಾನೇ ಇರಲಿಲ್ಲ.”

ಚಿಕ್ಕ ಮೇಡಂ ಕೂದಲಿನ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ಮಾತಿಗೆ ತಡಕಾಡುವುದು ಅವಳಿಗೆ ರೂಢಿಯಿರಲಿಲ್ಲ. “ನಿಮಗೆ ಹೇಗೆ ಬೈಯಲಿ ಅಕ್ಕಾ? ನಿಮ್ಮದು ಹತ್ತಿರ ಹತ್ತಿರ ನಮ್ಮಮ್ಮನ ವಯಸ್ಸು.”

“ನಿಮ್ಮಮ್ಮನಿಗೆ ಬೈಯಲ್ವಾ?”

ಚಿಕ್ಕ ಮೇಡಂಗೆ ನಗು ಬಂತು. “ಫೋನಲ್ಲಿ ದಿನಾ ಬೈತೀನಿ. ಮಾತ್ರೆ ತಗೊಳ್ಳಲ್ಲ ಅವರು.”

“ಹಾಗಿದ್ರೆ ಅಭ್ಯಾಸ ಇದೆಯಲ್ಲ” ಅಂದಳು ಅಕ್ಕ.

ಚಿಕ್ಕ ಮೇಡಂ ಖಾನೆಯಿಂದ ಅಕ್ಕನ ಮೂಲ ಹಾಳೆಯನ್ನು ತೆಗೆದಳು. ಕುರ್ಚಿ ಎಳೆದು ಕೂರಿಸಿದಳು. “ಸರಿ. ‘ಕಂಪನಿಯ ಆಡಳಿತ ಮಂಡಳಿ ಬಹಳ ಅನುಭವಿ, ಕಂಪನಿಗೆ ಉಜ್ವಲ ಭವಿಷ್ಯವಿದೆ.’ ಇದನ್ನ ನಿಮಗೆ ಹೇಳಿದವರು ಯಾರು?”

“ವರದಿಯಲ್ಲೇ ಇತ್ತು ಮೇಡಂ.”

“ವರದಿ ಬರೆದವರು ಯಾರು?”

“ಕಂಪನಿಯವರು.”

“ಹೆತ್ತವರಿಗೆ ಹೆಗ್ಗಣ ಮುದ್ದು. ಅವರ ಹೆಗ್ಗಣಾನ ಅವರು ಮುದ್ದು ಮಾಡಿದ್ರು ಸರಿ, ನೀವೂ ಎತ್ತಿಕೊಂಡು ಮುದ್ದು ಮಾಡ್ತಾ ಕೂತ್ರೆ? ಈಜುಕೊಳದ ಬಗ್ಗೆ ಬರೆದಾಗ ಯಾರ ಮಾತನ್ನೂ ನಂಬದೆ ಕಣ್ಣಲ್ಲಿ ನೋಡಿ ಬರೆದಿದ್ರಿ. ಇಲ್ಲಿಗೆ ಬಂದ ತಕ್ಷಣ ಆ ಕಣ್ಣು ಎಲ್ಲಿ ಹೋಯ್ತು? ಹೊಳೆಯೋ ಕಾಗದ ನೋಡಿ ಮುಚ್ಚಿಕೊಂಡ್ರಾ? ಇದು ಟಿಪ್ಪಣಿ ಅಲ್ಲ, ಜಾಹೀರಾತು. ತಗೊಂಡು ಹೋಗಿ. ಮೊದಲಿನಿಂದ ಬರೀರಿ.”

ನಾಲ್ಕು ಮೇಜುಗಳಿಗೂ ಕೇಳಿಸಿತು. ಕನ್ನಡಕದ ಹುಡುಗ ತಲೆ ಬಗ್ಗಿಸಿ ಕೀಲಿಮಣೆಯ ಧೂಳು ಒರೆಸತೊಡಗಿದ.

ಕೇಳಿ ಪಡೆದದ್ದೇ ಆದರೂ ಬೈಗುಳ ಬೈಗುಳವೇ. ಅಕ್ಕನಿಗೆ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನನ್ನ ಮಗಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳೋ ಐದಕ್ಕೋ, ಎಂಥ ಮಾತು ಆಡಿದಳು ಎಂದು ದಾರಿಯುದ್ದಕ್ಕೂ ಕುದಿಯುತ್ತಾ ಮನೆಗೆ ಬಂದಳು. ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅತ್ತೆಗೆ ವಿಷಯ ತಿಳಿಯಿತು.

“ಬೈದ್ರಾ?”

“ಹೂಂ.”

“ಕೇಳಿದ್ದು ಕೊಟ್ರಲ್ಲ. ಮತ್ಯಾಕೆ ಮುಖ ಊದಿಸ್ಕೊಂಡಿದೀಯ? ಮೆತ್ತಗೆ ಬೈಯಿರಿ ಅಂತ ಮೊದಲೇ ಹೇಳ್ಬೇಕಿತ್ತು.” ಮಗಳು ಒಳಕೋಣೆಯಲ್ಲಿ ಕಿಸಕ್ಕನೆ ನಕ್ಕಳು. ಅಕ್ಕನಿಗೂ ತಡೆಯಲಾಗಲಿಲ್ಲ.

ಊಟವಾದ ಮೇಲೆ ಮಗಳು ಕಂಪ್ಯೂಟರ್ ತೆರೆದು ಪಕ್ಕದಲ್ಲಿ ಕೂತಳು. ಕೋಷ್ಟಕಗಳನ್ನು ಜೋಡಿಸುವುದು, ಎರಡು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಡುವುದು, ಎಲ್ಲವನ್ನೂ ತೋರಿಸಿಕೊಟ್ಟಳು. “ಅಮ್ಮಾ, ಅದನ್ನ ಒತ್ಬೇಡ ಅಂದ್ನಲ್ಲ” ಎಂದು ಅವಳೂ ರೇಗುತ್ತಿದ್ದಳು. ಒಂದು ಕಾಲದಲ್ಲಿ ಇದೇ ಮೇಜಿನಲ್ಲಿ ಅಕ್ಕ ಅವಳಿಗೆ ಮಗ್ಗಿ ಹೇಳಿಕೊಡುತ್ತಾ ಹೀಗೆಯೇ ರೇಗಿದ್ದಳು. ಬಡ್ಡಿ ಸಮೇತ ವಾಪಸು ಬಂತು ಎಂದು ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಬೇಸರವಾಗಲಿಲ್ಲ.

ಅಲ್ಲಿಂದ ಮುಂದೆ ಕಚೇರಿಯ ದಿನಗಳು ಬದಲಾದವು. ಚಿಕ್ಕ ಮೇಡಂ ಒಂದು ಸಾಲನ್ನೂ ಸುಮ್ಮನೆ ಬಿಡಲಿಲ್ಲ. ಎಂಟು ಸಾಲು ಬರೆದರೆ ಏಳಕ್ಕೆ ಪೆನ್ಸಿಲ್ ಗೀಟು ಬೀಳುತ್ತಿತ್ತು. ಆದರೆ ಗೀಟು ಎಳೆದ ಕಡೆಯಲ್ಲೆಲ್ಲ ಯಾಕೆ ಎಂದು ಹೇಳುತ್ತಿದ್ದಳು. ತಾನು ಊಟಕ್ಕೆ ಹೋಗುವುದು ತಡವಾದರೂ ಹೇಳಿ ಮುಗಿಸಿಯೇ ಏಳುತ್ತಿದ್ದಳು. ಎಲ್ಲ ಬೈಗುಳದ ಹಿಂದೆ ಅವಳದೇ ಹೊತ್ತು ಖರ್ಚಾಗುತ್ತಿದೆ ಎಂಬುದು ಅಕ್ಕನ ಕಣ್ಣಿಗೆ ಬೀಳತೊಡಗಿತು. ಅವಳ ಮೇಜಿನ ಮೇಲೆ ಅವಳ ಸ್ವಂತ ಕೆಲಸದ ರಾಶಿಯೇ ಇತ್ತು. ಇಂಟರ್ನ್‌ಗಳಿಗೆ ಕಲಿಸಿದ್ದಕ್ಕೆ ಯಾರೂ ಅವಳ ಬೆನ್ನು ತಟ್ಟುತ್ತಿರಲಿಲ್ಲ. ಕನ್ನಡಕದ ಹುಡುಗನೂ ಹತ್ತಿರದವನಾದ. ಈಗ ಇಬ್ಬರೂ ಒಂದೇ ದೋಣಿಯಲ್ಲಿ ಇದ್ದರಲ್ಲ. ಅಕ್ಕನ ಡಬ್ಬಿಯ ಅರ್ಧ ಅವನ ಹೊಟ್ಟೆಗೆ ಹೋಗುತ್ತಿತ್ತು, ಅವನು ಅವಳಿಗೆ ಲಾಭನಷ್ಟದ ಪಟ್ಟಿಯ ಒಳಸುಳಿಗಳನ್ನು ಬಿಡಿಸಿ ಹೇಳುತ್ತಿದ್ದ.

ಬಾಟಲಿ ಕಂಪನಿಯ ಹಳೆಯ ವರದಿಗಳನ್ನೆಲ್ಲ ಸಾಲಾಗಿ ಓದುತ್ತಿದ್ದಾಗ ಅಕ್ಕನಿಗೆ ಒಂದು ಸಾಲು ಮತ್ತೆ ಮತ್ತೆ ಕಂಡಿತು: ‘ಕುಲುಮೆಗಳು ಉತ್ತಮ ಸ್ಥಿತಿಯಲ್ಲಿವೆ.’ ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರಿಸುವುದಿಲ್ಲ, ಕೊನೆಗೊಂದು ದಿನ ಆರಿಸಿ ಒಳಗಿನ ಇಟ್ಟಿಗೆಯನ್ನೆಲ್ಲ ಹೊಸದಾಗಿ ಕಟ್ಟಬೇಕು ಎಂದು ಅವಳು ಓದಿಕೊಂಡಿದ್ದಳು. ಅವಳು ಚಿಕ್ಕ ಮೇಡಂ ಹತ್ತಿರ ಹೋದಳು. “ಮೇಡಂ, ನಮ್ಮ ಕೊಳ ಈಗ ದುರಸ್ತಿಗೆ ಮುಚ್ಚಿದೆ. ಟಿಕೆಟ್ ಇಲ್ಲ, ಖರ್ಚು ಮಾತ್ರ ಇದೆ. ಈ ಕುಲುಮೆ ಆರಿಸಿದಾಗ ಬಾಟಲಿ ಎಲ್ಲಿಂದ ಬರುತ್ತೆ? ಅದಕ್ಕೆ ಇವರು ಏನಾದ್ರೂ ತೆಗೆದಿಟ್ಟಿದಾರಾ?”

ಚಿಕ್ಕ ಮೇಡಂ ಕೂದಲಿನ ಪೆನ್ಸಿಲ್ ತೆಗೆದು ಕುಲುಮೆಯ ಸಾಲಿನ ಕೆಳಗೆ ಗೀಟೆಳೆದಳು. “ಇದನ್ನ ಸಭೆಯಲ್ಲಿ ನೀವೇ ಹೇಳ್ಬೇಕು. ನಾನು ಬಾಯಿ ಹಾಕಲ್ಲ.”

ಸಭೆಯಲ್ಲಿ ಅಕ್ಕ ಎದ್ದು ನಿಂತು ಹೇಳಿದಳು. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. “ಎರಡು ಕುಲುಮೆಯಲ್ಲಿ ಒಂದನ್ನ ಹೋದ ವರ್ಷದ ಹಿಂದಿನ ವರ್ಷವೇ ಕಟ್ಟಿಸಿದಾರೆ. ವರದಿಯ ಕೊನೇ ಭಾಗದಲ್ಲಿದೆ. ನೋಡಲಿಲ್ವಾ?”

ಅಕ್ಕ ನೋಡಿರಲಿಲ್ಲ. ಅವಳು ಚಿಕ್ಕ ಮೇಡಂ ಕಡೆ ನೋಡಿದಳು. ಚಿಕ್ಕ ಮೇಡಂ ಕಿಟಕಿಯ ಕಡೆ ನೋಡುತ್ತಿದ್ದಳು.

“ನೋಡಲಿಲ್ಲ ಸರ್. ತಪ್ಪಾಯ್ತು” ಅಂದಳು ಅಕ್ಕ. “ಇನ್ನೊಂದು ಕುಲುಮೆ ಇನ್ನೂ ಹಳೇದು. ಅದರ ಲೆಕ್ಕ ನೋಡಿ ನಾಳೆ ಹೇಳ್ತೀನಿ.”

“ನೋಡಿ. ಅದು ಕೇಳಬೇಕಾದ ಪ್ರಶ್ನೆಯೇ” ಅಂದರು ಅವರು.

ಮಾರನೆಯ ದಿನ ಅವಳು ಹೇಳಿದಳು. ಎರಡನೇ ಕುಲುಮೆಯ ಖರ್ಚಿಗೆ ಕಂಪನಿ ಏನನ್ನೂ ತೆಗೆದಿಟ್ಟಿರಲಿಲ್ಲ. ಸಂಸ್ಥೆ ಆ ಷೇರನ್ನು ಕೊಳ್ಳುವ ಮೊದಲು ಇನ್ನೊಂದು ವರ್ಷ ಕಾದು ನೋಡಲು ತೀರ್ಮಾನಿಸಿತು. ಟಿಪ್ಪಣಿಯ ಕೊನೆಯ ಪ್ರತಿಯಲ್ಲಿ ಕುಲುಮೆಯ ಮೂರು ಸಾಲು ಅಕ್ಕ ಬರೆದಂತೆಯೇ ಉಳಿದವು. ಗಂಡನಿಗೆ ಅದನ್ನು ಓದಿ ಹೇಳಿದಾಗ ಅವನು, “ಇದರಲ್ಲಿ ನಗೋಕೇನಿದೆ?” ಅಂದ. ಅವಳು ಅಷ್ಟು ನಗುತ್ತಾ ಓದಿದ್ದಳು.

ಕೊನೆಯ ವಾರ ಸಂಸ್ಥೆ ಒಂದೇ ಒಂದು ಕೆಲಸ ಕೊಡುವುದಾಗಿ ಹೇಳಿತು. ಅದು ಕನ್ನಡಕದ ಹುಡುಗನಿಗೆ ಸಿಕ್ಕಿತು. ಅಕ್ಕನಿಗೆ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಕೈತೊಳೆಯುವ ಕೋಣೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಆದರೆ ಹುಡುಗ ಅವಳಿಗಿಂತ ಮುಂದಿದ್ದ, ಅದು ಅವಳಿಗೂ ಗೊತ್ತಿತ್ತು. ಅವನೇ ಬಂದು, “ಅಕ್ಕಾ, ನಿಮಗೆ ಬೇಜಾರಾ?” ಎಂದು ಕೇಳಿದ. “ಸ್ವಲ್ಪ ಆಗಿದೆ. ನಾಳೆ ಡಬ್ಬಿ ಪೂರ್ತಿ ನಾನೇ ತಿಂತೀನಿ, ಸರಿಹೋಗುತ್ತೆ” ಅಂದಳು.

ಹೊರಡುವ ದಿನ ಚಿಕ್ಕ ಮೇಡಂ ಅವಳನ್ನು ಮೇಜಿನ ಬಳಿ ಕರೆದಳು. ಶಾಲಾ ಶಿಕ್ಷಕರ ಪಿಂಚಣಿ ಹಣವನ್ನು ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿ ಜಾಗ ಖಾಲಿಯಿದೆ, ಅಲ್ಲಿಯವರ ಜೊತೆ ತಾನು ಮಾತಾಡಿದ್ದೇನೆ ಅಂದಳು. “ಏನಂದ್ರಿ ನನ್ನ ಬಗ್ಗೆ?” ಎಂದು ಅಕ್ಕ ಕೇಳಿದಳು. “ಇವರಿಗೆ ಬೈಯಬಹುದು ಅಂದೆ. ಅಂಥವರು ಸಿಗೋದು ಕಷ್ಟ.”

ಅಕ್ಕ ಈಗ ಆ ಪಿಂಚಣಿ ಕಚೇರಿಯಲ್ಲಿದ್ದಾಳೆ. ಎರಡು ಕೋಣೆ, ಐದು ಜನ, ಕಿರುಗುಟ್ಟುವ ಫ್ಯಾನು. ನಿವೃತ್ತ ಮೇಷ್ಟರುಗಳು ಬಂದು ನಮ್ಮ ಹಣ ಎಲ್ಲಿ ಹಾಕಿದ್ದೀರಿ ಎಂದು ಕೇಳಿದರೆ ಅಡ್ಡಗೋಡೆಯ ದೀಪವಿಲ್ಲದೆ ನೇರವಾಗಿ ಬಿಡಿಸಿ ಹೇಳುತ್ತಾಳೆ. ಈಜುಕೊಳದ ಕಿಂಡಿಯಲ್ಲಿ ಬೇರೆ ಯಾರೋ ಕೂತಿದ್ದಾರೆ. ದೊಡ್ಡ ಸಂಸ್ಥೆಯ ಗಾಜಿನ ಕಟ್ಟಡದ ಮುಂದೆ ಬಸ್ಸು ಹಾದುಹೋಗುವಾಗ ಅವಳು ತಪ್ಪದೆ ಆ ಮಹಡಿಯ ಕಡೆ ಕತ್ತೆತ್ತಿ ನೋಡುತ್ತಾಳೆ.

ಪದವಿ ಕೊಡುವ ದಿನ ಅಕ್ಕ ಚಿಕ್ಕ ಮೇಡಂನನ್ನು ಕರೆದಿದ್ದಳು, ಬರುತ್ತಾಳೆಂಬ ಭರವಸೆಯಿಲ್ಲದೆ. ಅವಳು ಬಂದಳು. ಸಭಾಂಗಣದಲ್ಲಿ ಗಂಡ, ಮಗಳು, ಅತ್ತೆ ಸಾಲಾಗಿ ಕೂತಿದ್ದರು, ಅತ್ತೆಯ ಪಕ್ಕದ ಕುರ್ಚಿ ಮಾತ್ರ ಖಾಲಿಯಿತ್ತು.

ಅಲ್ಲಿ ಬಂದು ಕೂತ ಚಿಕ್ಕ ಮೇಡಂನನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿದರು. “ಬೈಯೋರು ನೀವೇ ಏನಮ್ಮಾ?”

“ಹೌದು ಅಮ್ಮಾ, ನಾನೇ.”

“ಹೇಗೆ ಮಾಡ್ತಿದ್ಲು ಅಲ್ಲಿ ಕೆಲಸ?”

“ನಿಜ ಹೇಳ್ಲಾ? ಬಂದಾಗ ಏನೂ ಬರ್ತಿರಲಿಲ್ಲ.”

“ನಮ್ಮನೆಗೆ ಬಂದಾಗಲೂ ಹಾಗೇ” ಅಂದರು ಅತ್ತೆ. “ಒಲೆ ಹಚ್ಚೋಕೂ ಬರ್ತಿರಲಿಲ್ಲ.”

ಇಬ್ಬರೂ ಸೇರಿ ನಗತೊಡಗಿದರು. ಪದವಿಯ ನಿಲುವಂಗಿ ತೊಟ್ಟು ವೇದಿಕೆಯ ಮೆಟ್ಟಿಲಿಳಿದು ಬರುತ್ತಿದ್ದ ಅಕ್ಕನಿಗೆ ದೂರದಿಂದಲೇ ಆ ನಗು ಕಂಡಿತು, ಯಾರ ಬಗ್ಗೆ ಎಂಬುದೂ ಗೊತ್ತಾಯಿತು. ಹತ್ತಿರ ಬಂದು ಇಬ್ಬರ ಮುಂದೆಯೂ ನಿಂತಳು. ಚಿಕ್ಕ ಮೇಡಂನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಆ ನಿಲುವಂಗಿ ನೆಲ ಗುಡಿಸ್ತಿದೆ” ಅಂದರು ಅತ್ತೆ. “ಬಾಡಿಗೆದು. ಎತ್ತಿ ಹಿಡ್ಕೋ.”

ಅಕ್ಕ ಎತ್ತಿ ಹಿಡಿದುಕೊಂಡಳು.